ಮುದಿ ಬೆಕ್ಕುಗಳ ದ್ರೌಪದಮ್ಮ

ಬೆಳಗಿನ ಐದೂ ಮುಕ್ಕಾಲು. ಸಹಕಾರನಗರದ ಒಂದು ಮನೆಯ ಅಡುಗೆಮನೆಯಲ್ಲಿ ಇನ್ನೂ ಹಾಲು ಕಾಯಿಸಿಲ್ಲ, ಸಲೈನ್ ಮಾತ್ರ ಬೆಚ್ಚಗಾಗುತ್ತಿದೆ. ಬಿಸಿನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿಟ್ಟ ಬಾಟಲಿಯನ್ನು ದ್ರೌಪದಮ್ಮ ಆಗಾಗ ಎತ್ತಿ, ಒರೆಸಿ, ಮೊಣಕೈಯ ಒಳಮಗ್ಗುಲಿಗೆ ಒತ್ತಿ ನೋಡುತ್ತಾರೆ. ಎಳೆಗೂಸಿಗೆ ನೀರು ಹಾಕುವ ಮುಂಚೆ ಅಜ್ಜಿಯರು ಬಿಸಿ ನೋಡುತ್ತಾರಲ್ಲ, ಹಾಗೆ.

"ತಣ್ಣಗಿರೋದು ಮೈಯೊಳಗೆ ಹೋದ್ರೆ ನಡುಗ್ಬಿಡುತ್ತೆ. ಹದಿನಾರು ವರ್ಷದ ಮುದುಕಿ ಇದು. ಚಳಿ ತಡ್ಕೊಳಲ್ಲ" ಎನ್ನುತ್ತಾರೆ.

ಮುದುಕಿಯ ಹೆಸರು ಮೀನಾಕ್ಷಿ. ಬೂದು ಬಣ್ಣದ ಬೆಕ್ಕು, ತೂಕ ಎರಡೂವರೆ ಕಿಲೋ. ಸೋಫಾದ ಮೇಲೆ ಹಳೆಯ ಟವೆಲ್ಲಿನಲ್ಲಿ ಸುತ್ತಿಸಿಕೊಂಡು, ತಲೆ ಮಾತ್ರ ಹೊರಗಿಟ್ಟು ಕೂತಿದೆ. ಮನೆಯ ಯಜಮಾನ ನರಸಿಂಹಯ್ಯನವರು ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತಿದ್ದಾರೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿದವರು, ಸೂಜಿ ನೋಡಲಾರರು. ದ್ರೌಪದಮ್ಮ ಬೆಕ್ಕಿನ ಎರಡು ಭುಜಗಳ ನಡುವಿನ ಸಡಿಲ ಚರ್ಮವನ್ನು ಎಡಗೈಯಲ್ಲಿ ಗುಡಾರದಂತೆ ಎತ್ತಿ, ಬಲಗೈಯಿಂದ ಸೂಜಿ ಇಳಿಸುತ್ತಾರೆ. ಮೀನಾಕ್ಷಿ ಕಿವಿಯೊಂದನ್ನು ಅಲುಗಿಸುತ್ತದೆ, ಅಷ್ಟೇ. ನೂರು ಎಂ.ಎಲ್. ನೀರು ಚರ್ಮದಡಿ ಇಳಿಯಲು ಎಂಟು ನಿಮಿಷ ಬೇಕು. ಅಷ್ಟೂ ಹೊತ್ತು ದ್ರೌಪದಮ್ಮನ ಹೆಬ್ಬೆರಳು ಬೆಕ್ಕಿನ ಹಣೆಯನ್ನು ಉಜ್ಜುತ್ತಲೇ ಇರುತ್ತದೆ.

"ಆಯ್ತಾ?" ಎಂದು ಕಿಟಕಿಯ ಕಡೆಯಿಂದ ನರಸಿಂಹಯ್ಯನವರು ಕೇಳುತ್ತಾರೆ.

"ಆಗ್ಲೇ ಆಯ್ತು, ತಿರುಗಿ ಸಾರ್. ನಿಮ್ಗಿಂತ ಅವಳೇ ಧೈರ್ಯವಂತೆ."

ಭುಜದ ಮೇಲೆ ಸಣ್ಣ ಡುಬ್ಬ ಹೊತ್ತುಕೊಂಡು ಮೀನಾಕ್ಷಿ ಸೋಫಾದಿಂದ ಇಳಿಯುತ್ತದೆ. ಸಂಜೆಯೊಳಗೆ ಆ ನೀರು ಮೈಗೆ ಹತ್ತಿ ಡುಬ್ಬ ಕರಗುತ್ತದೆ. ಕಿಡ್ನಿ ಸೋತ ಮುದಿ ಬೆಕ್ಕಿಗೆ ಇದು ಇನ್ನೊಂದು ದಿನದ ಬದುಕು. ಇಂಥ ಇನ್ನೊಂದು ದಿನಗಳನ್ನು ದ್ರೌಪದಮ್ಮ ಐದು ವರ್ಷಗಳಿಂದ ಮನೆಮನೆಗೆ ಹೊತ್ತೊಯ್ಯುತ್ತಿದ್ದಾರೆ.

ದ್ರೌಪದಮ್ಮನಿಗೆ ಈಗ ಐವತ್ತೈದು. ಹೆಬ್ಬಾಳದ ಹತ್ತಿರ ಕೆಂಪಾಪುರದಲ್ಲಿ ವಾಸ. ಓದಿದ್ದು ಏಳನೇ ಕ್ಲಾಸು. ದಿನಕ್ಕೆ ಆರರಿಂದ ಒಂಬತ್ತು ಮನೆ. ಸೋಮವಾರ ಯಲಹಂಕ, ಮಂಗಳವಾರ ಆರ್.ಟಿ. ನಗರ, ಸಹಕಾರನಗರ ಮಾತ್ರ ನಿತ್ಯ. ಬಸ್ಸಿನಲ್ಲಿ ಹೋಗುತ್ತಾರೆ, ಉಳಿದದ್ದು ನಡಿಗೆ. ಭುಜದ ಚೀಲದಲ್ಲಿ ಸೂಜಿ, ಹತ್ತಿ, ಟವೆಲ್ಲು, ಒಂದು ಸಣ್ಣ ತಕ್ಕಡಿ, ರೂಲ್ ಹಾಕಿದ ನೂರು ಪುಟದ ನೋಟ್‌ಬುಕ್ಕು. ಅದು ಐದನೇ ನೋಟ್‌ಬುಕ್ಕು. ಅದರಲ್ಲಿ ಬೆಕ್ಕಿನ ಹೆಸರು, ತೂಕ, ತಿಂದಿತೇ, ವಾಂತಿ ಮಾಡಿತೇ, ಹೊರಗೆ ಹೋಗಿತ್ತೇ ಎಂಬುದೆಲ್ಲ ದುಂಡು ಅಕ್ಷರದಲ್ಲಿದೆ. ಇದುವರೆಗೆ ಮುನ್ನೂರ ನಲವತ್ತೊಂದು ಬೆಕ್ಕು. ಅವುಗಳಲ್ಲಿ ಇನ್ನೂರ ಹನ್ನೆರಡರ ಕೊನೆಯ ಗಳಿಗೆಯಲ್ಲಿ ದ್ರೌಪದಮ್ಮ ಪಕ್ಕದಲ್ಲೇ ಕೂತಿದ್ದರು. ನರಳುವ ಬೆಕ್ಕಿಗೆ ಕೊನೆಯ ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವವರು ಡಾಕ್ಟರು. ಬೆಕ್ಕನ್ನೂ ಮನೆಯವರನ್ನೂ ಆ ಗಳಿಗೆಗೆ ಸಿದ್ಧ ಮಾಡುವುದು, ಆಮೇಲೆ ಆ ಮನೆಯಲ್ಲಿ ಒಂದು ಗಂಟೆ ಸುಮ್ಮನೆ ಕೂರುವುದು ಇವರ ಕೆಲಸ.

ನಾನು ಅವರ ಜೊತೆ ಮೂರು ಬೆಳಗು ಓಡಾಡಿದೆ. ಮೊದಲ ದಿನವೇ ಒಂದು ಬೆಕ್ಕು ನನ್ನ ಅಂಗಿಯ ಮೇಲೆ ವಾಂತಿ ಮಾಡಿಕೊಂಡಿತು. "ಪರವಾಗಿಲ್ಲ, ನಿಮ್ಮನ್ನ ಒಪ್ಕೊಂತು ಅಂತ ಅರ್ಥ" ಎಂದರು. ಅದು ಸುಳ್ಳು ಎಂದು ಆಮೇಲೆ ಅವರೇ ಒಪ್ಪಿಕೊಂಡರು.

ದ್ರೌಪದಮ್ಮ ಹುಟ್ಟಿದ್ದು ಚಿಕ್ಕಜಾಲದಲ್ಲಿ. ತಂದೆ ಮುನಿಯಣ್ಣ ಆ ಊರಿನ ಮುನಿಕೃಷ್ಣಪ್ಪ ಗೌಡರ ಹೊಲದಲ್ಲಿ ಜೀವಮಾನವಿಡೀ ಆಳಾಗಿ ದುಡಿದವರು. ದ್ರೌಪದಮ್ಮ ಮದುವೆಯಾಗಿ ಕೆಂಪಾಪುರಕ್ಕೆ ಬಂದರು. ಗಂಡ ವೆಂಕಟೇಶಪ್ಪನಿಗೆ ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ತೂಗುವ ಕೆಲಸ. ಮನೆಯಲ್ಲಿ ಅತ್ತೆ ಲಕ್ಕಮ್ಮ. ಮಕ್ಕಳಾಗಲಿಲ್ಲ. ಹತ್ತಿರದ ನರ್ಸಿಂಗ್ ಹೋಮ್ ಒಂದರಲ್ಲಿ ದ್ರೌಪದಮ್ಮ ಆಯಾ ಆಗಿ ಸೇರಿದರು. ಹಾಸಿಗೆ ಬದಲಿಸಿದರು, ಬಾಣಂತಿಯರಿಗೆ ನೀರು ಹಾಕಿದರು, ನರ್ಸುಗಳು ಸೂಜಿ ಚುಚ್ಚುವಾಗ ಸಲೈನ್ ಬಾಟಲಿ ಎತ್ತಿ ಹಿಡಿದರು.

ಅಲ್ಲಿನ ಜನರೇಟರ್ ಕೋಣೆಯ ಹಿಂದೆ ೧೯೯೯ರಲ್ಲಿ ಅವರಿಗೆ ಒಂದು ಮರಿ ಸಿಕ್ಕಿತು. ಅಂಗೈಯಷ್ಟು ದೊಡ್ಡದು, ಬೇಯಿಸಿದ ಗೆಣಸಿನ ಬಣ್ಣ. ಹಾಗಾಗಿ ಗೆಣಸು ಎಂದೇ ಹೆಸರಾಯಿತು. ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ನಂಬಿದವರು ಅವರು. ವಾರ ಕಳೆಯುವಷ್ಟರಲ್ಲಿ ಬೆಕ್ಕು ಅತ್ತೆಯ ಹಾಸಿಗೆಯ ಕಾಲುಗಡೆ ಮಲಗಲು ಶುರುಮಾಡಿತ್ತು.

"ನಂಗೂ ಅತ್ತೆಗೂ ಹದಿಮೂರು ವರ್ಷ ಮಾತಾಡೋಕೆ ಒಂದು ವಿಷಯ ಇತ್ತು ಅಂದ್ರೆ ಅದು ಗೆಣಸು. ಅವನು ತಿಂದ್ನಾ, ಮಲಗಿದ್ನಾ, ಯಾರ ಮನೆ ಹಾಲು ಕುಡಿದ. ಜಗಳ ಆಡಿದ ದಿನಾನೂ ಅದನ್ನ ಮಾತ್ರ ಮಾತಾಡ್ತಿದ್ವಿ" ಎಂದು ದ್ರೌಪದಮ್ಮ ನಗುತ್ತಾರೆ.

೨೦೧೨ರ ಜೂನ್‌ನಲ್ಲಿ ಗೆಣಸು ನೀರಿನ ಬಕೆಟ್ಟಿನ ಪಕ್ಕವೇ ಬಿಡಾರ ಹೂಡಿತು. ಕುಡಿದದ್ದೇ ಕುಡಿದದ್ದು. ಮೀನು ಇಟ್ಟರೂ ಮುಖ ತಿರುಗಿಸಿತು. ಬೆನ್ನೆಲುಬು ಕೈಗೆ ಸಿಗತೊಡಗಿತು. ಸಹಕಾರನಗರದಲ್ಲಿ ಡಾ. ನಯನಾ ಎಂಬ ಎಳೆ ವಯಸ್ಸಿನ ಪಶುವೈದ್ಯೆ ಹೊಸದಾಗಿ ಕ್ಲಿನಿಕ್ ತೆರೆದಿದ್ದರು. ತರಕಾರಿ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ದ್ರೌಪದಮ್ಮ ಅಲ್ಲಿಗೆ ಹೋದರು. ರಕ್ತ ಪರೀಕ್ಷೆಯಾಯಿತು. ಕಿಡ್ನಿ ಮುಕ್ಕಾಲು ಪಾಲು ಕೆಟ್ಟಿದೆ, ಎಂಟು ದಿನ ಉಳಿದರೆ ಹೆಚ್ಚು, ನೋವಿಲ್ಲದೆ ಕಳಿಸಿಕೊಡುವುದೂ ಒಂದು ದಾರಿ ಎಂದು ಡಾಕ್ಟರು ಹೇಳಿದರು.

"ಸಲೈನ್ ಹಾಕಿದ್ರೆ?" ಎಂದು ದ್ರೌಪದಮ್ಮ ಕೇಳಿದರು.

"ಹಾಕ್ಬಹುದು. ಆದ್ರೆ ದಿನಾ ಹಾಕ್ಬೇಕಮ್ಮ. ಅಷ್ಟು ದೂರದಿಂದ ದಿನಾ ಬರ್ತೀರಾ?"

"ನೀವು ತೋರಿಸ್ಕೊಡಿ. ನಾನೇ ಹಾಕ್ತೀನಿ. ಹತ್ತೊಂಬತ್ತು ವರ್ಷ ಬಾಟ್ಲಿ ಹಿಡ್ಕೊಂಡು ನಿಂತಿರೋ ಕೈ ಇದು."

ಡಾ. ನಯನಾ ಆ ಮಾತನ್ನು ಇವತ್ತಿಗೂ ನೆನೆಯುತ್ತಾರೆ. "ನಾನು ಎಂಟು ದಿನ ಅಂದಿದ್ದೆ. ಅವ್ರು ಅದನ್ನ ಕಿವಿಗೇ ಹಾಕ್ಕೊಳ್ಲಿಲ್ಲ. ಒಂದು ಮೂಸಂಬಿ ಕೊಟ್ಟು, ಇದಕ್ಕೆ ಚುಚ್ಚಿ ಅಭ್ಯಾಸ ಮಾಡಿ ಅಂದೆ. ಮಾರನೇ ದಿನ ಹನ್ನೆರಡು ಮೂಸಂಬಿ ಚುಚ್ಚಿ ತಂದು ಟೇಬಲ್ ಮೇಲಿಟ್ರು."

ಬೆಕ್ಕು ಮೂಸಂಬಿಯಲ್ಲ. ಮೊದಲ ದಿನ ಸೂಜಿ ಚರ್ಮದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂತು. ಸಲೈನೆಲ್ಲ ನೆಲದ ಪಾಲಾಯಿತು. ಗೆಣಸು ದ್ರೌಪದಮ್ಮನ ಹೆಬ್ಬೆರಳಿಗೆ ಬಾಯಿ ಹಾಕಿತು. ಎರಡನೇ ದಿನ ಅರ್ಧ ಒಳಗೆ ಹೋಯಿತು. ಮೂರನೇ ದಿನ ಪೂರ್ತಿ. ಕೇರಿಯವರು ಬಾಗಿಲಲ್ಲಿ ನಿಂತು ನಕ್ಕರು. ಮನುಷ್ಯರಿಗೇ ಗತಿಯಿಲ್ಲ, ಬೆಕ್ಕಿಗೆ ಡ್ರಿಪ್ಪಂತೆ ಎಂದರು. ಮೂರು ಮನೆ ಆಚೆಯ ಮುನಿಯಲ್ಲಮ್ಮ ಎಲ್ಲರಿಗಿಂತ ಜೋರಾಗಿ ನಕ್ಕರು.

ಡಾಕ್ಟರು ಕೊಟ್ಟ ಗಡುವು ಮುಗಿದ ಮಾರನೇ ಬೆಳಗ್ಗೆ ಅದೇ ಮುನಿಯಲ್ಲಮ್ಮ ಸೀರೆ ಎತ್ತಿ ಕಟ್ಟಿಕೊಂಡು ಜಗಳಕ್ಕೆ ಬಂದರು. ಬಿಸಿಲಿಗೆ ಹಾಕಿದ್ದ ಒಣಮೀನನ್ನು ಗೆಣಸು ಗೋಡೆ ಹಾರಿ ಬಂದು ಕದ್ದುಕೊಂಡು ಹೋಗಿತ್ತು.

"ನಾನು ಅವಳನ್ನ ತಬ್ಕೊಂಡ್ಬಿಟ್ಟೆ! ಬೈಯೋಕೆ ಬಂದೋಳು ಹೆದರ್ಕೊಂಡ್ಳು. ಗೋಡೆ ಹಾರಿದ್ನಾ, ಎಷ್ಟೆತ್ತರದ ಗೋಡೆ, ನೀನೇ ನೋಡಿದ್ಯಾ ಅಂತ ಮೂರ್ ಸಲ ಕೇಳ್ದೆ. ಅಂಗಡಿಗೆ ಓಡಿಹೋಗಿ ಡಾಕ್ಟ್ರಮ್ಮಂಗೆ ಫೋನ್ ಮಾಡಿ, ನಮ್ಮೋನು ಕಳ್ತನ ಮಾಡ್ದ ಅಂತ ಕೂಗ್ದೆ."

ಎಂಟು ದಿನದ ಬೆಕ್ಕು ಹದಿನಾಲ್ಕು ತಿಂಗಳು ಬದುಕಿತು. ದೀಪಾವಳಿ ಕಂಡಿತು, ಸಂಕ್ರಾಂತಿಯ ಕಬ್ಬಿನ ಸಿಪ್ಪೆಯಲ್ಲಿ ಹೊರಳಾಡಿತು, ಯುಗಾದಿಗೆ ಹೊಸ ಚಾಪೆಯನ್ನು ಪರಚಿ ಹಾಳುಮಾಡಿತು. ದ್ರೌಪದಮ್ಮ ಒಂದು ದಿನವೂ ಸೂಜಿ ತಪ್ಪಿಸಲಿಲ್ಲ. ಬೆಳಿಗ್ಗೆ ಬೆಕ್ಕಿಗೆ ಸಲೈನ್, ಆಮೇಲೆ ಡ್ಯೂಟಿ. ಅಷ್ಟು ದಿನವೂ ಬೆಕ್ಕನ್ನು ಹಿಡಿದುಕೊಳ್ಳಲು ಎದುರು ಕೂರುತ್ತಿದ್ದವರು ಅತ್ತೆ ಲಕ್ಕಮ್ಮ.

೨೦೧೩ರ ಶ್ರಾವಣದಲ್ಲಿ ಆ ದಿನ ಬಂತು. ಗೆಣಸಿನ ಬಾಯೊಳಗೆ ಹುಣ್ಣೆದ್ದಿತ್ತು. ನೀರೂ ಇಳಿಯುತ್ತಿರಲಿಲ್ಲ. ರುಬ್ಬುವ ಕಲ್ಲಿನ ಹಿಂದಿನ ಸಂದಿಯಲ್ಲಿ ಹೋಗಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿತು. ಇನ್ನು ಸಲೈನ್ ಹಾಕಿದರೆ ಅದು ನಮ್ಮ ಸಮಾಧಾನಕ್ಕೆ, ಬೆಕ್ಕಿಗೆ ಹಿಂಸೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ದ್ರೌಪದಮ್ಮ ಒಪ್ಪಲಿಲ್ಲ. ಬೆಕ್ಕನ್ನು ಕೊಂದವರು ಅದರ ತೂಕದ ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಟ್ಟರೂ ಪಾಪ ಕಳೆಯುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ಅವರು. ಆ ಮಾತನ್ನು ಮದುವೆಯಾದ ಮೇಲೂ ಹತ್ತು ಸಲ ಹೇಳಿದ್ದವರು ಲಕ್ಕಮ್ಮನೇ.

ಮೂರು ದಿನ ಹಾಗೇ ಕಳೆಯಿತು. ಮೂರನೆಯ ಸಂಜೆ ಲಕ್ಕಮ್ಮ ನೆಲದ ಮೇಲೆ ಕಷ್ಟಪಟ್ಟು ಕೂತು, ರುಬ್ಬುವ ಕಲ್ಲಿನ ಹಿಂದಿನಿಂದ ಬೆಕ್ಕನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅದು ಬಾಯಿ ತೆರೆಯಿತು, ಸದ್ದು ಬರಲಿಲ್ಲ.

"ದ್ರೌಪ್ದಿ, ಇದು ನಿನ್ನ ಕೇಳ್ತಾ ಐತೆ ಕಣಮ್ಮಿ. ನೀನು ಕಿವುಡಿ ಅಂಗೆ ಕುಂತಿದ್ದೀಯ."

"ಪಾಪ ಅಲ್ವಾ ಅತ್ತೆ? ನೀವೇ ಅಂತಿದ್ರಲ್ಲ."

"ಅಂದಿದ್ದೆ. ಯಾರೋ ಅಂದಿದ್ದು ಕೇಳಿ ನಾನೂ ಅಂದಿದ್ದೆ. ಇಂಗೆ ನರಳ್ತಾ ಇರೋದ ನೋಡ್ಕಂಡು ಕುಂತ್ಕಳೋದು ಪುಣ್ಯ ಅಂತ ಯಾರಾರ ಅಂದವ್ರಾ? ಪಾಪ ಬಂದ್ರೆ ನನ್ ತಲೆ ಮ್ಯಾಲಿರ್ಲಿ. ಎಪ್ಪತ್ತೆಂಟು ವರ್ಸದ ತಲೆ, ಒಂದು ಬೆಕ್ಕಿನ ಭಾರ ತಡೀತೈತೆ. ನಾಳೆ ಆ ಡಾಕ್ಟ್ರಮ್ಮನ್ನ ಕರ್ಸು."

ಡಾ. ನಯನಾ ಬೆಳಗ್ಗೆ ಏಳಕ್ಕೆ ಕೆಂಪಾಪುರದ ಆ ಮನೆಗೇ ಬಂದರು. ಹೊಸ್ತಿಲ ಮೇಲೆ ಎಳೆಬಿಸಿಲು ಬಿದ್ದಿತ್ತು. ಗೆಣಸು ದಿನಾ ಮೈ ಕಾಯಿಸಿಕೊಳ್ಳುತ್ತಿದ್ದ ಜಾಗ ಅದು. ಅಲ್ಲೇ ದ್ರೌಪದಮ್ಮನ ಮಡಿಲಲ್ಲಿ ಮಲಗಿಸಿದರು. ಮೊದಲು ನಿದ್ದೆಯ ಮದ್ದು. ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಮೈ ಸಡಿಲವಾಯಿತು, ಪಂಜ ಬಿಚ್ಚಿಕೊಂಡಿತು. ಆಮೇಲೆ ಎರಡನೇ ಸೂಜಿ. ವೆಂಕಟೇಶಪ್ಪ ಅಂದು ಮಾರುಕಟ್ಟೆಗೆ ಹೋಗಿರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದರು.

"ಬೆಕ್ಕು ಹೋದ್ಮೇಲೆ ಕಣ್ಣು ಮುಚ್ಚಲ್ಲ. ಅದನ್ನ ನಂಗ್ಯಾರೂ ಮೊದ್ಲೇ ಹೇಳಿರ್ಲಿಲ್ಲ. ನನ್ನೇ ನೋಡ್ತಾ ಇದಾನೆ ಅನ್ಕೊಂಡು ಗೆಣಸು, ಗೆಣಸು ಅಂತ ಕರೀತಾನೇ ಇದ್ದೆ. ಡಾಕ್ಟ್ರಮ್ಮ ಕೈ ಹಿಡ್ಕೊಂಡು, ಹೋಯ್ತು ಅಮ್ಮ ಅಂದ್ರು. ಅದಕ್ಕೇ ಈಗ ನಾನು ಎಲ್ಲರ ಮನೇಲೂ ಮುಂಚೆನೇ ಹೇಳ್ಬಿಡ್ತೀನಿ. ಕಣ್ಣು ತೆರ್ದೇ ಇರುತ್ತೆ, ಗಾಬರಿ ಆಗ್ಬೇಡಿ, ಅದು ನೋವಲ್ಲ ಅಂತ. ಅಷ್ಟು ಹೇಳಿದ್ರೆ ಸಾಕು, ಜನಕ್ಕೆ ಎಷ್ಟೋ ಹಗುರ ಆಗುತ್ತೆ."

ಹೂಳುವುದೆಲ್ಲಿ? ಕೆಂಪಾಪುರದ ಕೇರಿಯಲ್ಲಿ ಅಂಗೈಯಗಲ ಮಣ್ಣು ಉಳಿದಿರಲಿಲ್ಲ. ಬಾಗಿಲಿಂದ ಬಾಗಿಲಿಗೆ ಕಾಂಕ್ರೀಟು. ದ್ರೌಪದಮ್ಮನಿಗೆ ತವರಿನ ನೆನಪಾಯಿತು. ತಂದೆ ದುಡಿದ ಹೊಲದ ಬದುವಿನಲ್ಲಿ ಒಂದು ಹೊಂಗೆ ಮರವಿತ್ತು. ಬುತ್ತಿ ತೆಗೆದುಕೊಂಡು ಹೋದಾಗ ತಂದೆಯೂ ಮಗಳೂ ಅದರ ಕೆಳಗೆ ಕೂತು ಉಣ್ಣುತ್ತಿದ್ದರು. ಬೆಕ್ಕನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಗಂಡ ಹೆಂಡತಿ ಚಿಕ್ಕಜಾಲದ ಬಸ್ಸು ಹತ್ತಿದರು. ಗುಂಡಿ ಮೊಣಕಾಲುದ್ದ ಆಗಿತ್ತು, ಅಷ್ಟರಲ್ಲಿ ಮುನಿಕೃಷ್ಣಪ್ಪ ಗೌಡರ ಜೀಪು ಬಂತು. ವಿಮಾನ ನಿಲ್ದಾಣ ಬಂದ ಮೇಲೆ ಅವರ ಹೊಲವೆಲ್ಲ ಸೈಟುಗಳಾಗಿ ಬದಲಾಗುತ್ತಿದ್ದ ಕಾಲ ಅದು.

"ಯಾವಳೇ ಅದು? ಮುನಿಯಣ್ಣನ ಮಗಳಾ? ಏನು ಊಳ್ತಾ ಇದ್ದೀಯ ಅಲ್ಲಿ?"

"ನಮ್ ಬೆಕ್ಕು ಗೌಡ್ರೇ. ಒಂದ್ ಮೂಲೇಲಿ..."

"ನನ್ ಜಮೀನೇನು ಸುಡುಗಾಡಾ? ಸತ್ತ ಬೆಕ್ಕು ಊತಿರೋ ಸೈಟ ಯಾವನು ತಗಂತಾನೆ? ಮಣ್ಣು ಮುಚ್ಚು, ಎದ್ದು ನಡಿ."

ಮುಚ್ಚಿದರು. ಬುಟ್ಟಿ ಎತ್ತಿಕೊಂಡು ನಡೆದರು. ಕೆರೆಯ ಏರಿಯ ಕೆಳಗೆ, ಯಾರದೂ ಅಲ್ಲದ ಜಾಗದಲ್ಲಿ ಗೆಣಸನ್ನು ಇಟ್ಟು ಬಂದರು. ಮುಂದಿನ ವರ್ಷ ಅಲ್ಲಿ ಮಣ್ಣು ಅಗೆದು ಸಾಗಿಸಿದರು. ಇಟ್ಟ ಜಾಗ ಯಾವುದೆಂದು ಈಗ ಗುರುತು ಸಿಗುವುದಿಲ್ಲ. ಇಡೀ ಮಾತುಕತೆಯಲ್ಲಿ ದ್ರೌಪದಮ್ಮನ ದನಿ ಒಡೆದದ್ದು ಇದೊಂದು ಕಡೆ ಮಾತ್ರ. "ಬೈದಿದ್ದಕ್ಕಲ್ಲ. ಮುಚ್ಚು ಅಂದ ತಕ್ಷಣ ಮುಚ್ಚಿದ್ನಲ್ಲ ನಾನು, ಅದಕ್ಕೆ" ಎಂದರು.

ಆ ವರ್ಷದ ಕೊನೆಗೆ ನರ್ಸಿಂಗ್ ಹೋಮ್ ಕೂಡ ಬಾಗಿಲು ಹಾಕಿತು. ಎರಡು ತಿಂಗಳು ಮನೆಯಲ್ಲೇ ಕೂತಿದ್ದವರಿಗೆ ಡಾ. ನಯನಾ ಅವರಿಂದ ಫೋನ್ ಬಂತು. ಆರ್.ಟಿ. ನಗರದಲ್ಲಿ ಕಲಾವತಿ ಎಂಬ ಟೀಚರ್ ಇದ್ದಾರೆ, ಅವರ ಬೆಕ್ಕಿಗೂ ಗೆಣಸಿಗಿದ್ದ ಕಾಯಿಲೆಯೇ, ಸೂಜಿ ಹಿಡಿದರೆ ಅವರಿಗೆ ಕೈ ನಡುಗುತ್ತದೆ, ಹೋಗುತ್ತೀರಾ ಎಂದು ಕೇಳಿದರು. ದ್ರೌಪದಮ್ಮ ಹೋದರು. ಆ ಬೆಕ್ಕು ಒಂಬತ್ತು ತಿಂಗಳು ಬದುಕಿತು. ಕಲಾವತಿ ಇನ್ನಿಬ್ಬರಿಗೆ ಹೇಳಿದರು, ಆ ಇಬ್ಬರು ಹತ್ತು ಮಂದಿಗೆ. ಹೀಗೊಂದು ಉದ್ಯೋಗ ಇರಬಹುದೆಂದು ಬೆಂಗಳೂರಿಗೆ ಗೊತ್ತಾಗುವ ಮುಂಚೆಯೇ ದ್ರೌಪದಮ್ಮ ಅದರಲ್ಲಿ ಪಳಗಿಬಿಟ್ಟಿದ್ದರು. ಜೋರಾಗಿ ನಕ್ಕಿದ್ದ ಮುನಿಯಲ್ಲಮ್ಮನೇ ಈಗ ಕೇರಿಗೆ ಬಂದವರಿಗೆ ದಾರಿ ತೋರಿಸುತ್ತಾರೆ. "ಬೆಕ್ಕಿನ ಡಾಕ್ಟ್ರು ಮನೆನಾ? ಮೂರನೇದು. ನಮ್ಮೋಳೇ" ಎನ್ನುತ್ತಾರಂತೆ.

೨೦೧೬ರ ನವೆಂಬರಿನಲ್ಲಿ ಕ್ಲಿನಿಕ್ಕಿಗೆ ಚಿಕ್ಕಜಾಲದಿಂದ ಒಂದು ಕರೆ ಬಂತು. ಹನ್ನೊಂದು ವರ್ಷದ ಬೆಕ್ಕು, ದವಡೆಯಲ್ಲಿ ಗಡ್ಡೆ, ತಿನ್ನಲಾಗುತ್ತಿಲ್ಲ. ಮನೆಯ ಯಜಮಾನರ ಹೆಸರು ಮುನಿಕೃಷ್ಣಪ್ಪ. ಹೋಗಬೇಡ ಎಂದು ವೆಂಕಟೇಶಪ್ಪ ಹೇಳಿದರು. ನಿಮಗೆ ಕಷ್ಟವಾದರೆ ನಾನೊಬ್ಬಳೇ ಹೋಗುತ್ತೇನೆ ಎಂದು ಡಾ. ನಯನಾ ಹೇಳಿದರು.

"ಬೆಕ್ಕು ನಂಗೇನ್ ಮಾಡಿತ್ತು? ಅದೇನ್ ಜೀಪಲ್ಲಿ ಬಂದು ಬೈದಿತ್ತಾ?" ಎಂದು ದ್ರೌಪದಮ್ಮ ನನ್ನನ್ನೇ ಕೇಳುತ್ತಾರೆ.

ಗೌಡರ ಮನೆಯ ಕೊಟ್ಟಿಗೆ ಖಾಲಿಯಿತ್ತು. ಹೊಲ ಹೋದ ಮೇಲೆ ಎತ್ತು ಹೋದವು, ಹಸು ಹೋದವು. ಉಳಿದ ಒಂದೇ ಜೀವ ಆ ಕರಿಬೆಕ್ಕು. ಅದಕ್ಕೆ ಹೆಸರೂ ಇರಲಿಲ್ಲ. ಇಲಿ ಹಿಡಿಯೋಕೆ ಸಾಕಿದ್ದು ಎಂದರು ಗೌಡರು. ಮುನಿಯಣ್ಣನ ಮಗಳ ಗುರುತು ಹತ್ತಿದರೂ ಹತ್ತದವರಂತೆ ನಿಂತು, "ಬೇಗ ಒಂದು ಇಂಜೆಕ್ಸನ್ ಆಕಿ ಮುಗ್ಸಿ. ನಂಗೆ ಕೆಲ್ಸ ಐತೆ" ಎಂದರು. ಡಾಕ್ಟರು ಒಪ್ಪಿಗೆಯ ಕಾಗದ ಮುಂದಿಟ್ಟರು. ಗೌಡರು ಪೆನ್ನು ತೆಗೆದುಕೊಂಡರು. ಅಷ್ಟರಲ್ಲಿ ಬೆಕ್ಕು ಊದಿದ ಮುಖವನ್ನು ಹೊತ್ತು ತೂರಾಡುತ್ತ ಬಂದು ಅವರ ಪಾದದ ಮೇಲೆ ಮಲಗಿತು. ಪೆನ್ನು ಹಾಗೇ ನಿಂತಿತು. ಎಪ್ಪತ್ತು ದಾಟಿದ, ಊರಿಗೆ ಊರೇ ಹೆದರುವ ಗೌಡರು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.

ಅಂದು ಇಂಜೆಕ್ಷನ್ ಹಾಕಲಿಲ್ಲ. ನೋವು ತಗ್ಗಿಸುವ ಮದ್ದು ಕೊಟ್ಟು ಡಾಕ್ಟರು ಹೊರಟರು. ದ್ರೌಪದಮ್ಮ ಐದು ದಿನ ಬೆಳಿಗ್ಗೆ ಬೆಳಿಗ್ಗೆ ಚಿಕ್ಕಜಾಲಕ್ಕೆ ಹೋದರು. ಕೋಳಿ ಬೇಯಿಸಿದ ನೀರನ್ನು ಸಿರಿಂಜಿನಲ್ಲಿ ಹನಿಹನಿಯಾಗಿ ಹೇಗೆ ಕುಡಿಸಬೇಕೆಂದು ಗೌಡರಿಗೆ ಕಲಿಸಿದರು. ನಾಲ್ಕನೇ ದಿನ ಬೆಕ್ಕು ಅದನ್ನೂ ಬಿಟ್ಟಿತು. ಐದನೇ ದಿನ ಗೌಡರೇ ಡಾಕ್ಟರಿಗೆ ಫೋನ್ ಮಾಡಿ ಕರೆಸಿದರು. ಬೆಕ್ಕು ಅವರ ಮಡಿಲಲ್ಲೇ ಹೋಯಿತು. ಕಣ್ಣು ತೆರೆದೇ ಇರುತ್ತದೆಂದು ದ್ರೌಪದಮ್ಮ ಮುಂಚೆಯೇ ಹೇಳಿದ್ದರು. ಗೌಡರು ಹೆದರಲಿಲ್ಲ. ಬಹಳ ಹೊತ್ತು ಅದರ ತಲೆ ಸವರುತ್ತ ಕೂತರು. ಆಮೇಲೆ ಇದನ್ನು ಎಲ್ಲಿ ಇಡುವುದೆಂದು ಕೇಳಿದರು.

"ನಂಗೊತ್ತಿಲ್ಲ ಗೌಡ್ರೇ. ಮೂರು ವರ್ಷದ ಹಿಂದೆ ನಾನೂ ಅದನ್ನೇ ಕೇಳ್ಕೊಂಡು ನಿಮ್ ಹೊಲಕ್ಕೆ ಬಂದಿದ್ದೆ" ಎಂದರು ದ್ರೌಪದಮ್ಮ.

ಮುನಿಕೃಷ್ಣಪ್ಪನವರು ಈ ಕತೆಯನ್ನು ಮುಚ್ಚಿಡುವುದಿಲ್ಲ. ಜಗಲಿಯ ಮೇಲೆ ಕೂತು ನನಗೂ ಹೇಳಿದರು. "ಆ ಮಾತು ಕೇಳಿ ನಂಗೆ ನೆಲ ಬಿರ್ದು ಒಳಕ್ಕೆ ಓದಂಗಾಯ್ತು. ಅವಳಪ್ಪ ನಮ್ಮನೇಲಿ ನಲವತ್ತು ವರ್ಸ ದುಡ್ದವ್ನು. ಅವನ ಮಗಳಿಗೆ ಮೂರಡಿ ಮಣ್ಣು ಕೊಡ್ಲಿಲ್ಲ ನಾನು. ಅವಳು ಬಂದು ನನ್ ಬೆಕ್ಕಿಗೆ ಗಂಜಿ ಕುಡಿಸ್ತಾಳೆ. ನಾನು ಯಾವ ಸೀಮೆ ಗೌಡ?"

ಆ ಹೊಂಗೆ ಮರ ನಿಂತಿದ್ದದ್ದು ಲೇಔಟಿನ ಮೂಲೆ ಸೈಟಿನಲ್ಲಿ. ಪೂರ್ವ ದಿಕ್ಕಿನದು, ಎರಡು ಕಡೆ ರಸ್ತೆ. ಅದಕ್ಕಾಗಿ ಐದಾರು ಜನ ಕಾದಿದ್ದರು. ಅದನ್ನೇ ಬೆಕ್ಕು ಹೂಳಲು ಬಿಡುವುದೆಂದು ಗೌಡರು ಹೇಳಿದರು. ಲೇಔಟಿನ ವ್ಯವಹಾರ ನೋಡಿಕೊಳ್ಳುವ ಮಗ ಅಶ್ವತ್ಥ್ ಸಿಟ್ಟಿನಿಂದ ಕುಣಿದಾಡಿದರು. ಬೆಕ್ಕಿಗೆ ಯಾರಾದರೂ ಮೂಲೆ ಸೈಟು ಬಿಟ್ಟುಕೊಡುತ್ತಾರೆಯೇ ಎಂದು ಅಪ್ಪನ ಜೊತೆ ಒಂದು ತಿಂಗಳು ಮಾತು ಬಿಟ್ಟರು. ಗೌಡರು ಜಗ್ಗಲಿಲ್ಲ. ನಕ್ಷೆ ತರಿಸಿ, ಆ ಸೈಟಿನ ನಂಬರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಸಾಕುಪ್ರಾಣಿಗಳ ಜಾಗ ಎಂದು ಬರೆಸಿದರು. ಮುಂದೆ ಯಾರೂ ಮಾರದಂತೆ ಕಾಗದಪತ್ರವನ್ನೂ ಮಾಡಿಸಿದರು. ಮೂರು ಕಿಲೋ ತೂಗುವ ಕರಿಬೆಕ್ಕಿಗೆ ಗುಂಡಿ ತೋಡಲು ಅವರು ಜೆಸಿಬಿ ಕರೆಸಿದ್ದನ್ನು ಊರವರು ಈಗಲೂ ಹೇಳಿಕೊಂಡು ನಗುತ್ತಾರೆ. ದ್ರೌಪದಮ್ಮ ಅದನ್ನು ವಾಪಸು ಕಳಿಸಿ ಗುದ್ದಲಿ ಕೈಗೆ ತೆಗೆದುಕೊಂಡರು.

ಮೂರನೇ ಬೆಳಗ್ಗೆ ಅವರು ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಮೊಣಕಾಲೆತ್ತರದ ಗೋಡೆ, ಸಣ್ಣ ಕಬ್ಬಿಣದ ಗೇಟು, ಒಳಗೆ ಹೊಂಗೆಯ ನೆರಳು. ಇದುವರೆಗೆ ಎಂಬತ್ತಾರು ಬೆಕ್ಕು, ಹದಿನೇಳು ನಾಯಿ, ಒಂದು ಗಿಣಿ ಇಲ್ಲಿವೆ. ಒಂದೊಂದಕ್ಕೂ ಚಪ್ಪಡಿಯ ತುಂಡು, ಅದರ ಮೇಲೆ ಮನೆಯವರೇ ಬಣ್ಣದಲ್ಲಿ ಬರೆದ ಹೆಸರು. ಪಕೋಡ, ಇನ್ಸ್‌ಪೆಕ್ಟರ್, ಚಿನ್ನುಮರಿ, ದೊಡ್ಡಯ್ಯ. ಗೌಡರ ಕರಿಬೆಕ್ಕಿನ ಕಲ್ಲಿನ ಮೇಲೆ ಬರೀ "ನಮ್ಮದು" ಎಂದಿದೆ. ಮರದ ಬುಡದಲ್ಲಿ ಗೆಣಸು ಎಂದು ಬರೆದ ಒಂದು ಕಲ್ಲಿದೆ. ಅದರ ಕೆಳಗಿನ ಮಣ್ಣಿನಲ್ಲಿ ಏನೂ ಇಲ್ಲ. ಆ ಕಲ್ಲನ್ನು ತಂದು ನಿಲ್ಲಿಸಿದವರು ಅಶ್ವತ್ಥ್. ಅಪ್ಪನ ಜೊತೆ ಮಾತು ಬಿಟ್ಟಿದ್ದ ಅದೇ ಮಗ. ಯಾಕೆ ತಂದಿರಿ ಎಂದು ಕೇಳಿದರೆ ಮುಖ ಕೆಂಪಗೆ ಮಾಡಿಕೊಂಡು, "ಇರ್ಲಿ ಬಿಡಿ ಸಾರ್, ಮಿಕ್ಕಿತ್ತು ಒಂದ್ ಕಲ್ಲು" ಎಂದರು.

ಲಕ್ಕಮ್ಮನಿಗೆ ಈಗ ಎಂಬತ್ತಮೂರು. ಕಣ್ಣು ಮಂಜಾಗಿದೆ, ನಾಲಿಗೆ ಚುರುಕಾಗಿದೆ. ಸೊಸೆ ಮನೆಗೆ ಬಂದ ಕೂಡಲೇ ಇವತ್ತು ಯಾವ ಯಾವ ಬೆಕ್ಕು ತಿಂದವು ಎಂಬ ವರದಿ ಅವರಿಗೆ ಬೇಕು. ಯಾವುದಾದರೂ ಹೋಯಿತೆಂದು ತಿಳಿದರೆ, ಯಾರ ಮಡಿಲಲ್ಲಿ ಎಂದು ಕೇಳುತ್ತಾರಂತೆ.

ಭಾನುವಾರ ಬೆಳಿಗ್ಗೆ ಡಾ. ನಯನಾ ಅವರ ಕ್ಲಿನಿಕ್ಕಿನಲ್ಲಿ ದ್ರೌಪದಮ್ಮ ಪಾಠ ಮಾಡುತ್ತಾರೆ. ತಮ್ಮ ಬೆಕ್ಕಿಗೆ ತಾವೇ ಸೂಜಿ ಹಾಕಲು ಬಯಸುವವರು ಬರುತ್ತಾರೆ. ಪಶುವೈದ್ಯಕೀಯ ಓದುತ್ತಿರುವ ಹುಡುಗ ಹುಡುಗಿಯರೂ ಬಂದು ಗೋಡೆಗೊರಗಿ ನಿಂತು ಬರೆದುಕೊಳ್ಳುತ್ತಾರೆ. ಇದುವರೆಗೆ ನಲವತ್ತಮೂರು ಮಂದಿ ಕಲಿತಿದ್ದಾರೆ. ಈಚೆಗೆ ನರಸಿಂಹಯ್ಯನವರೂ ಸೇರಿಕೊಂಡಿದ್ದಾರೆ. ಇನ್ನೂ ಸೂಜಿ ಮುಟ್ಟಿಲ್ಲ, ಎದುರು ಕೂತು ನೋಡುವಷ್ಟು ಮುಂದುವರಿದಿದ್ದಾರೆ.

ನಿಮಗಿನ್ನು ಏನು ಆಗಬೇಕು ಎಂದು ಹೊರಡುವ ಮುಂಚೆ ಕೇಳಿದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಆರ್.ಟಿ. ನಗರದ ಬಸ್ಸಿಗೆ ಅವರ ಕಣ್ಣು ರಸ್ತೆಯ ಮೇಲಿತ್ತು.

"ಇನ್ನೂ ಒಂದು ನೂರು ಜನ ಕಲೀಲಿ. ಆಮೇಲೆ ನಂಗೆ ಕೆಲ್ಸ ಇಲ್ದೆ ಹೋದ್ರೂ ಸಂತೋಷನೇ" ಎಂದರು. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಏನೋ ನೆನಪಾದಂತೆ ತಿರುಗಿದರು.

"ಇನ್ನೂರ ಹನ್ನೆರಡು ಅಂತ ಬರ್ಕೊಂಡ್ರಲ್ಲ? ಅದರಲ್ಲಿ ಒಂದು ಬೆಕ್ಕೂ ಹೆದರ್ಕೊಂಡು ಹೋಗಿಲ್ಲ. ಅದನ್ನೂ ಬರ್ಕೊಳ್ಳಿ."